ಬೆಂಚಿನ ಆಚೆ ಬದಿ

ಯಂತ್ರದ ಹಿಡಿಕೆಯ ಮೇಲಿಂದ ಮೇಸ್ತ್ರಿಯ ಬಲಗೈ ಮತ್ತೊಮ್ಮೆ ಜಾರಿತು. ಬೆರಳುಗಳು ಹಿಡಿಕೆಯನ್ನು ಸುತ್ತಿಕೊಂಡಂತೆ ಕಂಡವು, ಆದರೆ ಹಿಡಿಯಲಿಲ್ಲ. ಒದ್ದೆ ಬಟ್ಟೆ ಹಗ್ಗದಿಂದ ಜಾರುವ ಹಾಗೆ ಮೆಲ್ಲನೆ ಇಳಿದು ತೊಡೆಯ ಪಕ್ಕ ಜೋತುಬಿದ್ದವು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಕಡೆ ಏನೋ ಹುಡುಕುವವರಂತೆ ತಿರುಗಿದರು. ಮೇಸ್ತ್ರಿಯ ಹೆಂಡತಿ ಮಾತ್ರ ಕಣ್ಣು ಕೀಳಲಿಲ್ಲ. ನೋಡಲಿ, ತಾವೇ ನೋಡಿಕೊಳ್ಳಲಿ, ಈಗಲಾದರೂ ಬುದ್ಧಿ ಬಂದೀತು ಎಂದುಕೊಂಡಳು. ಹಾಗೆ ಅಂದುಕೊಂಡ ಮರುಕ್ಷಣವೇ, ಎಂಥ ಮಾತು ಅಂದುಕೊಂಡೆ ಎಂದು ತನ್ನನ್ನೇ ಬೈದುಕೊಂಡಳು.

"ಇದರ ಹಿಡಿಕೆ ನೆಟ್ಟಗೆ ನಿಂತಿದೆ. ಅಡ್ಡ ಹಿಡಿಕೇದು ಇಲ್ವಾ?" ಎಂದರು ಮೇಸ್ತ್ರಿ. ಕೈಯದೇನೂ ತಪ್ಪಿಲ್ಲ, ತಪ್ಪೆಲ್ಲ ಹಿಡಿಕೆಯದೇ ಎನ್ನುವ ಗತ್ತು. ಕಾಯಿಲೆಯಾದ ಮೇಲೆ ಅವರ ಮಾತು ಸ್ವಲ್ಪ ತೊದಲುತ್ತಿತ್ತು, ಗತ್ತು ಮಾತ್ರ ಒಂದು ಕೂದಲೂ ಕೊಂಕಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಮೈಟರ್ ಗರಗಸಗಳು. ದುಂಡು ಬ್ಲೇಡು, ಅದರ ತಲೆಗೊಂದು ಟೋಪಿ, ಕೆಳಗೆ ತಿರುಗುವ ತಟ್ಟೆ. ತಟ್ಟೆ ತಿರುಗಿಸಿದರೆ ಬ್ಲೇಡು ಎಡಕ್ಕೂ ಬಲಕ್ಕೂ ಓರೆಯಾಗುತ್ತದೆ. ಬೇಕಾದರೆ ತಲೆಯನ್ನೇ ವಾಲಿಸಿ ಇನ್ನೊಂದು ಓರೆಯನ್ನೂ ಕೂಡಿಸಬಹುದು. ಸ್ವಿಚ್ಚು ಒತ್ತಿ ಹಿಡಿಕೆಯನ್ನು ಕೆಳಗೆ ಎಳೆದರೆ ಆಯಿತು, ಉಸಿರು ಬಿಡುವಷ್ಟರಲ್ಲಿ ಮರ ಎರಡು ತುಂಡು. ಮರದ ಜಾಗದಲ್ಲಿ ಬೆರಳಿದ್ದರೂ ಅಷ್ಟೇ ಹೊತ್ತು. ಬಂದಾಗಿನಿಂದ ಅವಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಫೋಟೋಗಳಿಗೆ ಚೌಕಟ್ಟು ಕಟ್ಟುವುದು ಮೇಸ್ತ್ರಿಯ ಕಸುಬು. ಜನ ಅವರನ್ನು ಮೂಲೆ ಮೇಸ್ತ್ರಿ ಎಂದೇ ಕರೆಯುವುದು. ಕಟ್ಟಿದ ಚೌಕಟ್ಟಿನ ಮೂಲೆಯನ್ನು ಕಿಟಕಿಗೆ ಹಿಡಿದು, ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿದರೂ ಕಿತ್ತು ಕಸದ ಬುಟ್ಟಿಗೆ ಎಸೆಯುವ ಮನುಷ್ಯ. "ಗೋಡೆಗೆ ಹಾಕಿದ ಮೇಲೆ ಯಾರು ನೋಡ್ತಾರೆ ಮೇಸ್ತ್ರಿ?" ಎಂದು ಯಾರಾದರೂ ಅಂದರೆ, ಅವರ ಫೋಟೋವನ್ನು ಹಾಗೇ ಕೈಗೆ ಕೊಟ್ಟು ಕಳಿಸಿದ್ದೂ ಉಂಟು.

ಮನೆಯ ಹಿಂದೆ ತಗಡಿನ ಕೊಟ್ಟಿಗೆ, ನಡುವೆ ಬೆಂಚು. ಈಚೆ ಬದಿಯಲ್ಲಿ ಅವರು ಕೈಗರಗಸ ಹಿಡಿದು ಕೊಯ್ಯುವುದು, ಆಚೆ ಬದಿಯಲ್ಲಿ ಅವಳು ಪಟ್ಟಿಯ ತುದಿ ಹಿಡಿಯುವುದು. ಅಂಟು ಹಚ್ಚುವುದು, ಮೊಳೆ ಹೊಡೆಯುವುದು, ಗಾಜು ಒರೆಸಿ ಕೂರಿಸುವುದು, ಎಲ್ಲ ಅವಳ ಪಾಲು. ಮದುವೆಯಾದ ಹೊಸದರಲ್ಲಿ ಒಮ್ಮೆ ಸುಮ್ಮನೆ ಗರಗಸ ಎತ್ತಿಕೊಂಡಿದ್ದಳು. ಅವರು ಬೈಯಲಿಲ್ಲ. ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು, ಗರಗಸ ಒಂದೇ ಕೈಯ ಮಾತು ಕೇಳೋದು, ನೀನು ಆ ಕಡೆ ಹೋಗು ಎಂದಿದ್ದರು. ಅವಳು ಹೋದಳು. ಹೋದವಳು ತಲೆ ನರೆಯುವವರೆಗೂ ಅಲ್ಲೇ ನಿಂತಳು. ಆ ಬದಿಯಿಂದ ಅವಳಿಗೆ ಕಾಣುತ್ತಿದ್ದುದು ಪಟ್ಟಿಯ ಬೆನ್ನು, ಅದರಾಚೆ ಬಗ್ಗಿದ ಅವರ ಮುಖ.

ಆಮೇಲೆ ಲಕ್ವ ಹೊಡೆಯಿತು. ಕಾಲು ಎಳೆದುಕೊಂಡಾದರೂ ನಡೆಯಲು ಬಂತು, ಬಲಗೈ ಮಾತ್ರ ಬರಲೇ ಇಲ್ಲ. ಕೊಟ್ಟಿಗೆಗೆ ಬೀಗ ಬಿತ್ತು. ಚೌಕಟ್ಟಿಗೆಂದು ಕೊಟ್ಟಿದ್ದ ಫೋಟೋಗಳನ್ನು ಜನ ಒಬ್ಬೊಬ್ಬರಾಗಿ ಬಂದು, ಅಯ್ಯೋ ಪಾಪ ಎಂದು, ವಾಪಸು ಒಯ್ದರು. ಕೊಡುವಾಗೆಲ್ಲ ಅವಳ ಮುಖವೇ ಸಣ್ಣದಾಗುತ್ತಿತ್ತು. ಮೇಸ್ತ್ರಿ ಒಳಗೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ಹಾಗೆ ಕೂತವರು ಹೋದ ವಾರ ಬಾಯಿ ಬಿಟ್ಟು, ಮೈಟರ್ ಮಿಷನ್ ತರಬೇಕು ಎಂದರು. ಅದಕ್ಕೆ ತೋಳಿನ ಬಲ ಬೇಡವಂತೆ, ಒತ್ತಿದರೆ ಸಾಕಂತೆ.

ನೀರಿನ ಲೋಟ ಹಿಡಿಯಲಾರದ ಕೈ ತಿರುಗುವ ಬ್ಲೇಡಿನ ಪಕ್ಕ! ಅವಳು ಬೇಡಿಕೊಂಡಳು, ಜಗಳ ಮಾಡಿದಳು, ಊಟ ಬಿಟ್ಟು ಮಲಗಿದಳು. ಅವರದೋ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವರಿಗೆ ಗೊತ್ತಾಗದ ಹಾಗೆ ಅಂಗಡಿಯವರಿಗೆ ಫೋನ್ ಮಾಡಿ, ಅಣ್ಣಾ, ಏನಾದರೂ ನೆಪ ಹೇಳಿ ಬರಿಗೈಯಲ್ಲಿ ಕಳಿಸಿಬಿಡಿ ಎಂದು ಕೇಳಿಕೊಂಡಿದ್ದಳು. ಅವರೂ ಆಗಲಿ ಅಂದಿದ್ದರು.

ಆದರೆ ಅಂಗಡಿಯವರಿಗೆ ನಾಟಕ ಬರುತ್ತಿರಲಿಲ್ಲ. ಇದರ ಮೋಟಾರು ಬಿಸಿಯಾಗುತ್ತೆ ಎಂದರು, ಅದರ ಬಿಡಿಭಾಗ ಸಿಗಲ್ಲ ಎಂದರು, ಮೂಲೆಯಲ್ಲಿರುವುದು ಆಗಲೇ ಬೇರೆಯವರಿಗೆ ಹೋಗಿದೆ ಎಂದರು. ಹಳಿಗಳ ಮೇಲೆ ಹಿಂದೆ ಮುಂದೆ ಓಡುವ ದೊಡ್ಡ ಗರಗಸವೊಂದನ್ನು ತೋರಿಸಿ, ಕೊಂಡರೆ ಇಂಥದ್ದನ್ನೇ ಕೊಳ್ಳಬೇಕು, ಆದರೆ ಇದು ನಿಮ್ಮ ಕೊಟ್ಟಿಗೆಯಲ್ಲಿ ಹಿಡಿಸಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಾವೇನು ಬಾಗಿಲು ಮಾಡುತ್ತೇವಾ, ಓಡುವುದೆಲ್ಲ ಬೇಗ ಸವೆಯುತ್ತೆ, ಬೇಡ ಎಂದು ಮೇಸ್ತ್ರಿ ಅದನ್ನು ದಾಟಿ ಮುಂದೆ ಹೋದರು. ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿಯನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ. ನಿಂತು ಅಂಗಡಿಯವರ ಮುಖ ನೋಡಿದರು, ಆಮೇಲೆ ಹೆಂಡತಿಯದು.

"ಇವಳು ಫೋನ್ ಮಾಡಿದ್ಲಾ?"

ಅಂಗಡಿಯವರು ಮೇಜಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು.

"ನಿಮ್ಮ ತಾಯಿ ಫೋಟೋ ಇನ್ನೂ ನಮ್ಮಲ್ಲೇ ಇದೆ," ಎಂದರು ಮೇಸ್ತ್ರಿ. "ಎಲ್ಲರೂ ತಗೊಂಡು ಹೋದ್ರು. ನೀವೊಬ್ಬರು ಬರಲಿಲ್ಲ. ಯಾಕೆ?"

ಒರೆಸುತ್ತಿದ್ದ ಅಂಗಡಿಯವರ ಕೈ ನಿಂತಿತು. ಬೇರೆಯವರ ಹತ್ತಿರ ಹಾಕಿಸೋಕೆ ಮನಸ್ಸು ಬರಲಿಲ್ಲ ಮೇಸ್ತ್ರಿ, ಎಂದು ತಗ್ಗಿದ ದನಿಯಲ್ಲಿ ಹೇಳಿ, ಕೆಳಗಿನ ಗೂಡಿನಿಂದ ಅಡ್ಡ ಹಿಡಿಕೆಯ ಎರಡು ಗರಗಸಗಳನ್ನು ಎತ್ತಿ ಮೇಜಿನ ಮೇಲಿಟ್ಟರು. ಒಂದು ದೊಡ್ಡದು, ಒಂದು ಚಿಕ್ಕದು. ಅವಳ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಕೊಟ್ಟ ಮಾತು ಇಷ್ಟೇ ತಾನೇ, ಗಂಡಸರೆಲ್ಲ ಒಂದೇ ಎಂದು ಅವಳಿಗೆ ಮೈ ಉರಿಯಿತು. ಮೇಸ್ತ್ರಿ ಆಗಲೇ ದೊಡ್ಡದರ ತಟ್ಟೆಯನ್ನು ಎಡಗೈಯಲ್ಲಿ ತಿರುಗಿಸುತ್ತ, ಓರೆಯ ಗುರುತಿನಲ್ಲಿ ಟಕ್ ಎಂದು ಗಟ್ಟಿಯಾಗಿ ಕೂರುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ಅವಳತ್ತ ತಿರುಗಿ, ಇದನ್ನು ಒಂದು ಸಲ ಒತ್ತಿ ನೋಡು, ಸ್ಪ್ರಿಂಗು ಬಿಗಿ ಇದೆಯಾ ಎಂದರು. ಅವಳು ಕೈ ಕಟ್ಟಿಕೊಂಡು ನಿಂತಳು. ಬೆಂಚಿನ ಮೇಲೆ ಕೂರಿಸಿದರೆ ಹಿಡಿಕೆ ಇವಳ ಭುಜಕ್ಕಿಂತ ಮೇಲೆ ಹೋಗುತ್ತಾ ಎಂದು ಅವರು ಅಂಗಡಿಯವರನ್ನು ಕೇಳಿದರು. ಅದೂ ಅವಳ ಕಿವಿಗೆ ಹೊಕ್ಕಲಿಲ್ಲ.

"ಸಾಕು ಮಾಡಿ," ಎಂದಳು. "ಒಂದು ಕೈ ದೇವರು ಕಿತ್ಕೊಂಡ. ಇನ್ನೊಂದನ್ನ ನೀವೇ ಕೊಟ್ಟುಬರ್ತೀರಾ? ನಿಮ್ಮ ಬೆರಳು ಆಯ್ದು ತರೋಕೆ ನನ್ನ ಕೈಲಿ ಆಗಲ್ಲ ರೀ."

ಮೇಸ್ತ್ರಿ ತಟ್ಟೆಯಿಂದ ಕೈ ತೆಗೆದರು.

"ನಾನು ಕೊಯ್ತೀನಿ ಅಂತ ಯಾರು ಹೇಳಿದ್ರು?" ಮಾತು ತೊದಲಿತು. ನಿಲ್ಲಿಸಿ, ನಾಲಿಗೆ ಸರಿ ಮಾಡಿಕೊಂಡು ಮತ್ತೆ ಹೇಳಿದರು. "ಕೊಯ್ಯೋಳು ನೀನು. ಹಿಡಿಕೆ ಹಿಡಿದು ನೋಡಿದ್ದೂ ನಿನಗೋಸ್ಕರ. ಮನೇಲಿ ಹೇಳಿದ್ರೆ ನೀನು ಇಲ್ಲಿವರೆಗೆ ಬರ್ತಿರಲಿಲ್ಲ."

ಅವಳು ಇಷ್ಟು ದಿನ ಹೊತ್ತುಕೊಂಡಿದ್ದ ಹೆದರಿಕೆ ಒಮ್ಮೆಲೇ ಇಳಿದು, ಇಳಿದ ಜಾಗಕ್ಕೆ ಸಂತೋಷ ಬರಬೇಕಿತ್ತು. ಬಂದದ್ದು ಸಿಟ್ಟು. ಯಾವತ್ತಿನದೋ ಸಿಟ್ಟು, ಹೊಟ್ಟೆಗೆ ಹಾಕಿಕೊಂಡು ತಾನೇ ಮರೆತಿದ್ದ ಸಿಟ್ಟು.

"ನಿಮ್ಮ ಕೈ ಗಟ್ಟಿ ಇದ್ದಾಗ ನನಗೆ ಮುಟ್ಟಬೇಡ ಅಂದ್ರಿ. ಈಗ ಅದು ಹೋಯ್ತು ಅಂತ ನನ್ನ ಕೈ ನೆನಪಾಯ್ತಾ?"

"ಹೌದು," ಎಂದರು ಮೇಸ್ತ್ರಿ.

ಅದಕ್ಕೊಂದು ನೆಪವಿಲ್ಲ, ಸಮಜಾಯಿಷಿ ಇಲ್ಲ. ಏನಾದರೂ ಹೇಳಿದ್ದರೆ ಅವಳು ಮನೆಗೆ ಹೊರಟುಬಿಡುತ್ತಿದ್ದಳೋ ಏನೋ. ಹೌದು ಎಂದವರ ಹತ್ತಿರ ಏನೆಂದು ಜಗಳವಾಡುವುದು? ಸೆರಗಿನಿಂದ ಮುಖ ಒರೆಸಿ, ಅದನ್ನು ಸೊಂಟಕ್ಕೆ ಬಿಗಿದಳು. ಕೊಡಿ ಇಲ್ಲಿ ಒಂದು ಪಟ್ಟಿ ಎಂದು ಅಂಗಡಿಯವರ ಮುಂದೆ ಕೈ ಚಾಚಿದಳು.

ಚೌಕಟ್ಟಿನ ಪಟ್ಟಿಗೆ ಒಂದು ಕಡೆ ನುಣ್ಣನೆಯ ಬೆನ್ನು, ಇನ್ನೊಂದು ಕಡೆ ಗಾಜು ಕೂರುವ ಕಚ್ಚು. ಅವಳು ಪಟ್ಟಿಯನ್ನು ತಟ್ಟೆಯ ಮೇಲಿಟ್ಟು, ಬೆನ್ನು ತನ್ನ ಕಡೆಗೆ ಬರುವಂತೆ ಹಿಂದಿನ ಕಬ್ಬಿಣದ ಗೋಡೆಗೆ ಒತ್ತಿ ಹಿಡಿದಳು. ಹೊಟ್ಟು ಸಿಡಿಯದಂತೆ ಅಂಗಡಿಯವರು ಕೊಟ್ಟ ಕನ್ನಡಕ ಹಾಕಿಕೊಂಡಳು. ಸ್ವಿಚ್ಚು ಒತ್ತಿದಾಗ ಯಂತ್ರ ಕಿರುಚಿತು, ಅವಳ ಕಾಲು ತಾನಾಗಿ ಹಿಂದೆ ಸರಿಯಿತು.

"ದನಿ ಏರಲಿ," ಎಂದರು ಮೇಸ್ತ್ರಿ ಬೆನ್ನ ಹಿಂದಿನಿಂದ. "ಪೂರ್ತಿ ಏರಲಿ. ಆಮೇಲೆ ಇಳಿಸು."

ಏರಿತು. ಇಳಿಸಿದಳು. ತಟ್ಟೆಯನ್ನು ಇನ್ನೊಂದು ಓರೆಗೆ ತಿರುಗಿಸಿ ಮತ್ತೊಂದು ತುಂಡು ಕೊಯ್ದಳು. ಮರದ ಸುಟ್ಟ ವಾಸನೆ ಬಂತು. ಎರಡು ತುಂಡುಗಳನ್ನು ಮೂಲೆಗೆ ಮೂಲೆ ಕೂಡಿಸಿ ಮೇಜಿನ ಮೇಲಿಟ್ಟಾಗ ಅಂಗಡಿಯವರು ಬಗ್ಗಿ ನೋಡಿ, ತಡೆಯಲಾರದೆ ನಕ್ಕುಬಿಟ್ಟರು. ಅಕ್ಕಾ, ಒಳಗಿನದು ಹೊರಗಾಯಿತಲ್ಲ, ಗಾಜನ್ನು ಚೌಕಟ್ಟಿನ ಸುತ್ತ ಕೂರಿಸುತ್ತೀರಾ ಎಂದರು. ನಿಜ. ಕಚ್ಚು ಹೊರಗೆ ಬಂದಿತ್ತು, ಬೆನ್ನು ಒಳಗೆ ಹೋಗಿತ್ತು. ಅವಳ ಕಿವಿಯವರೆಗೂ ಬಿಸಿಯೇರಿತು. ಇಷ್ಟು ವರ್ಷ ಪಟ್ಟಿ ಹಿಡಿದವಳು, ಮಕ್ಕಳೂ ಮಾಡದ ತಪ್ಪು ಮಾಡಿದೆನಲ್ಲ, ಇವರು ಅಂದು ಗರಗಸ ಕಿತ್ತುಕೊಂಡದ್ದೇ ಸರಿ ಎಂದುಕೊಂಡಳು.

ಮೇಸ್ತ್ರಿ ನಗಲಿಲ್ಲ. ಎರಡು ತುಂಡುಗಳನ್ನೂ ಎಡಗೈಯ ಮುಷ್ಟಿಯಲ್ಲೇ ಕೂಡಿಸಿ ಹಿಡಿದು, ಕಾಲೆಳೆಯುತ್ತ ಕಿಟಕಿಯವರೆಗೆ ಹೋದರು. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಸಂದಿ ನೋಡಿದರು.

"ಬೆಳಕು ಬರಲ್ಲ," ಎಂದರು. "ಮೂಲೆ ಕೂಡಿದೆ." ಆಮೇಲೆ ತುಂಡುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಮಗೇ ಹೇಳಿಕೊಳ್ಳುವಂತೆ ಎಂದರು: "ಇವಳು ತಪ್ಪು ಮಾಡಿಲ್ಲ. ಕಂಡಿದ್ದನ್ನೇ ಮಾಡಿದ್ದಾಳೆ. ಪಟ್ಟಿಯ ಬೆನ್ನು ಯಾವಾಗಲೂ ಇವಳ ಕಡೆ ಇರ್ತಿತ್ತು. ಆ ಕಡೆ ನಿಂತ್ರೆ ಹೀಗೇ ಕಾಣೋದು. ನಾನು ಒಂದು ದಿನಾನೂ ಆ ಕಡೆ ಹೋಗಿ ನಿಂತು ನೋಡ್ಲಿಲ್ಲ."

ಅಂಗಡಿಯವರ ನಗು ಆರಿತು. ಅವಳು ಕಿಟಕಿಯ ಹತ್ತಿರ ಹೋದಳು. ಗಂಡನ ಕೈಯಿಂದ ತುಂಡುಗಳನ್ನು ಇಸಿದುಕೊಂಡು ತಾನೂ ಒಮ್ಮೆ ಕಿಟಕಿಗೆ ಹಿಡಿದು ನೋಡಿದಳು. ಬೆಳಕು ಬರಲಿಲ್ಲ.

ದೊಡ್ಡದನ್ನೇ ಕಟ್ಟಿಕೊಡಿ, ಮೋಟಾರು ಗಟ್ಟಿಯಾಗಿದೆ, ಅಗಲ ಪಟ್ಟಿಗೂ ಆಗುತ್ತೆ ಎಂದು ಮೇಸ್ತ್ರಿ ಹೇಳುತ್ತಿರುವಾಗಲೇ ಅವಳು ಅದನ್ನು ಎತ್ತಲು ನೋಡಿದಳು. ಮಿಸುಕಲಿಲ್ಲ. ಚಿಕ್ಕದನ್ನು ಎತ್ತಿದಳು, ಬಂತು. ಎದೆಗವುಚಿಕೊಂಡು ನಾಲ್ಕು ಹೆಜ್ಜೆ ನಡೆದು ಕೆಳಗಿಟ್ಟಳು.

"ಇದು," ಎಂದಳು. "ಗುಡಿಸೋವಾಗ ನಾನೇ ಎತ್ತಿಡಬೇಕಲ್ಲ. ಅಗಲ ಪಟ್ಟಿಯನ್ನ ನೆಟ್ಟಗೆ ನಿಲ್ಲಿಸಿ, ತಲೆ ವಾಲಿಸಿ ಕೊಯ್ದರಾಯ್ತು. ಹರಿತವಾದ ಬ್ಲೇಡು ಹಾಕ್ಕೊಡಿ ಅಣ್ಣಾ, ದೊಡ್ಡದರದ್ದು ಮರ ಸುಡ್ತು."

ಮೇಸ್ತ್ರಿ ಎಡಗೈಯಲ್ಲಿ ಜೇಬು ತಡಕಿ ದುಡ್ಡು ತೆಗೆದರು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬೀಗ ತೆಗೆದರು. ಅವಳು ಜೇಡರಬಲೆ ಹೊಡೆದು, ಬೆಂಚು ಒರೆಸಿ, ಯಂತ್ರವನ್ನು ಈಚೆ ಬದಿಯಲ್ಲಿ ಕೂರಿಸಿ ಬೋಲ್ಟು ಬಿಗಿದಳು. ಮೇಸ್ತ್ರಿ ಬಂದು ಅಭ್ಯಾಸಬಲದಿಂದ ತಮ್ಮ ಜಾಗದಲ್ಲೇ ನಿಂತರು. ಅವಳು ಕಾದಳು, ಸರಿಯಿರಿ ಎನ್ನಲಿಲ್ಲ. ಅವರಿಗೇ ಗೊತ್ತಾಯಿತು. ಬೆಂಚಿನ ಅಂಚು ಹಿಡಿದುಕೊಂಡು, ಕಾಲೆಳೆಯುತ್ತ ಸುತ್ತಿಬಂದು ಆಚೆ ಬದಿಯಲ್ಲಿ ನಿಂತರು. ಅಲ್ಲಿ ನೆಲದ ಮೇಲೆಲ್ಲ ಒಣಗಿದ ಅಂಟಿನ ಕಲೆಗಳು, ನಡುವೆ ಅವಳು ನಿಂತು ನಿಂತು ನುಣುಪಾದ ಜಾಗ. ಅವರು ಅದನ್ನು ಒಮ್ಮೆ ನೋಡಿ, ಅದರೊಳಗೆ ಕಾಲಿಟ್ಟುಕೊಂಡರು.

ಅಂಗಡಿಯವರ ತಾಯಿಯ ಫೋಟೋ ಗೋಡೆಗೆ ಒರಗಿತ್ತು. ಮುದುಕಿ ಯಾರನ್ನೋ ಬೈಯಲು ಹೊರಟು, ಫೋಟೋದವನನ್ನು ಕಂಡು ಸುಮ್ಮನಾದಂತಿದ್ದಳು. ಮೇಸ್ತ್ರಿಯ ಹೆಂಡತಿ ಪಟ್ಟಿಯ ಬೆನ್ನನ್ನು ಹಿಂದಿನ ಗೋಡೆಗೆ ಒತ್ತಿ, ಕಚ್ಚು ತನ್ನ ಕಡೆಗಿದೆಯೇ ಎಂದು ಬೆರಳಾಡಿಸಿ ನೋಡಿ, ದನಿ ಏರುವವರೆಗೆ ಕಾದು ಕೊಯ್ದಳು. ನಾಲ್ಕು ತುಂಡೂ ಆದವು. ಅಂಟು ಹಚ್ಚುವ ಮೊದಲು ಒಂದೊಂದೇ ಮೂಲೆಯನ್ನು ಕೂಡಿಸಿ ಕಿಟಕಿಗೆ ಹಿಡಿದಳು. ಕೊನೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿತು.

ಆಚೆ ಬದಿಯಿಂದ ಮೇಸ್ತ್ರಿಯೂ ಅದನ್ನು ಕಂಡರು. ಅವಳ ಮುಖ ನೋಡಿದರು. ಜನ್ಮದಲ್ಲಿ ಆಡದ ಮಾತೊಂದನ್ನು ಆಡಿದರು.

"ಇರಲಿ ಬಿಡು. ಮೊದಲನೇದು. ನಡೆಯುತ್ತೆ."

"ನಡೆಯಲ್ಲ," ಎಂದಳು ಅವಳು.

ಬೆಳಕು ಬಿಟ್ಟ ತುಂಡನ್ನು ಕಸದ ಬುಟ್ಟಿಗೆ ಎಸೆದು, ಹೊಸ ಪಟ್ಟಿಯೊಂದನ್ನು ಎಳೆದುಕೊಂಡು ಬೆಂಚಿನ ಮೇಲೆ ಉದ್ದಕ್ಕೆ ಚಾಚಿದಳು. ಆಚೆ ಬದಿಯಲ್ಲಿ ಅವರು ಎಡಗೈ ಮುಂದೆ ಮಾಡಿ, ಅದರ ತುದಿಯನ್ನು ಹಿಡಿದುಕೊಂಡರು.