ಗೆಜ್ಜೆಗೆ ಸುತ್ತಿದ ರೇಷ್ಮೆ

ನನ್ನ ಹೆಂಡತಿ ರಮ್ಯಾ ಅಕ್ಕೂರಿನ ತವರಿನಿಂದ ವಾಪಸ್ ಬಂದಳೇನೋ ನಿಜ, ತಂದ ಬ್ಯಾಗನ್ನು ಬಿಚ್ಚಲಿಲ್ಲ. ಹಾಗೇ ಮಂಚದ ಕೆಳಕ್ಕೆ ತಳ್ಳಿದಳು. ನಾಲ್ಕು ವರ್ಷದ ಮಗಳು ಪುಟ್ಟಿ ಅವಳ ಸೀರೆ ಹಿಡಿದುಕೊಂಡು, ಇವನ್ಯಾರೋ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

ರಮ್ಯಾ ನನ್ನ ಸೋದರತ್ತೆಯ ಮಗಳು. ಮದುವೆಯಾದ ಮೇಲೂ ಬಾವ ಎಂದೇ ಕರೆಯುತ್ತಾಳೆ.

"ನೋಡು ಬಾವ, ದಿನಾ ಬೆಳಗ್ಗೆ ಧ್ಯಾನಕ್ಕೆ ಕುಂತ್ಕೊಬೇಕು. ಕುಂತ್ರೆ ನಾನಿಲ್ಲಿ ಇರ್ತೀನಿ. ಇನ್ನೊಂದು ಸಲ ತಟ್ಟೆ ಎಸುದ್ರೆ ಬ್ಯಾಗೂ ರೆಡಿ ಐತೆ, ಬಸ್ಸೂ ಐತೆ."

ತಟ್ಟೆಯನ್ನು ನಾನು ಗೋಡೆಗೆ ಎಸೆದದ್ದು, ಅವಳಿಗಲ್ಲ. ಆದರೆ ಗೋಡೆಯ ಪಕ್ಕದಲ್ಲೇ ಪುಟ್ಟಿ ನಿಂತಿದ್ದಳು. ಸಾರು ಅವಳ ಲಂಗದ ಮೇಲೆಲ್ಲ ಚೆಲ್ಲಿತ್ತು. ಉಪ್ಪು ಕಡಿಮೆ ಎಂಬುದೊಂದು ನೆಪ. ನಾನು ರಾಮನಗರದಲ್ಲಿ ಬಾಬಾಜಾನ್ ಸಾಹೇಬರ ಹತ್ತಿರ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವವನು. ಗೂಡು ಬೇಯುವ ಬಿಸಿನೀರಿಗೆ ದಿನವಿಡೀ ಕೈ ಹಾಕಬೇಕು. ಅಲ್ಲಿ ಸಾಹೇಬರ ಮುಂದೆ ನುಂಗಿಕೊಂಡ ಸಿಟ್ಟನ್ನೆಲ್ಲ ತಂದು ಮನೆಯಲ್ಲಿ ಕಾರುತ್ತಿದ್ದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದೂ ಸಿಟ್ಟಿನಲ್ಲೇ, ಮೇಷ್ಟ್ರು ದಡ್ಡ ಅಂದರೆಂದು.

ಭಾನುವಾರ ಮದುವೆ ಛತ್ರವೊಂದರ ಮಹಡಿಯಲ್ಲಿ ಅನಂತರಾಜು ಎಂಬವರು ಧ್ಯಾನ ಹೇಳಿಕೊಡುತ್ತಿದ್ದರು. ಹೋದೆ. ಎಲ್ಲರೂ ಕಣ್ಣು ಮುಚ್ಚಿ ಕುಳಿತಿದ್ದಾಗ ಯಾರದೋ ಫೋನು ಬಡಿದುಕೊಂಡಿತು.

"ಯಾವನ್ಲಾ ಅದು? ಆಫ್ ಮಾಡಕ್ಕೇನ್ ರೋಗ?" ಅಂದುಬಿಟ್ಟೆ.

ಅಷ್ಟೂ ಜನ ಕಣ್ಣು ಬಿಟ್ಟರು. ಅನಂತರಾಜು ನನ್ನತ್ತ ನೋಡಿ ನಕ್ಕರು. "ಬಾಲರಾಜು, ರೋಡಲ್ಲಿ ಬಸ್ಸು ಹೋಗ್ತಾ ಇರ್ತದೆ. ಎಲ್ಲಾ ಬಸ್ಸೂ ಹತ್ತಬೇಕಾಗಿಲ್ಲ. ತಡೆದು ನಿಲ್ಲಿಸಿ ಕಂಡಕ್ಟ್ರು ಜೊತೆ ಜಗಳಾನೂ ಆಡಬೇಕಾಗಿಲ್ಲ. ಸದ್ದು ಬಂತಾ, ಬರ್ಲಿ. ಗೊತ್ತಾಯ್ತಲ್ಲ, ಮತ್ತೆ ಉಸಿರಿಗೆ ಬನ್ನಿ, ಅಷ್ಟೆ."

ಮಾತು ಅರ್ಥವಾಗಲಿಲ್ಲ ಅಂತಲ್ಲ. ಕೈಲಾಗದವರಿಗೆ ಹೇಳುವ ಸಮಾಧಾನ ಇದು ಅಂದುಕೊಂಡೆ. ಧ್ಯಾನ ಅಂದ ಮೇಲೆ ಸೂಜಿ ಬಿದ್ದರೂ ಕೇಳಿಸಬೇಕು. ಅದೂ ಬೀಳಬಾರದು.

ಮಾರನೆಯ ಬೆಳಗ್ಗೆಯಿಂದ ನಮ್ಮ ಮನೆಯಲ್ಲಿ ಫ್ಯಾನು ನಿಂತಿತು. ನಾನು ಧ್ಯಾನದಿಂದ ಏಳುವ ತನಕ ಒಲೆಯ ಮೇಲೆ ಕುಕ್ಕರ್ ಏರುವಂತಿಲ್ಲ. ಪಕ್ಕದ ಮನೆಯ ನಿಖಾತ್ ಮಿಕ್ಸಿ ಹಾಕಿದರೆ ಗೋಡೆಗೆ ಗುದ್ದುತ್ತಿದ್ದೆ. ಒಂದು ದಿನ ಹಾಲಿನ ಪ್ರಕಾಶ ಬೀದಿಯಲ್ಲಿ ಹಾರ್ನ್ ಹೊಡೆದ. ಎದ್ದು ಬಾಗಿಲಿಗೆ ನುಗ್ಗಿದೆ.

"ಒಳಗೆ ಧ್ಯಾನ ಮಾಡ್ತಾ ಕುಂತಿವ್ನಿ, ಕಿವಿ ಕೇಳಲ್ವೇನ್ಲಾ?"

"ನಿನ್ ಧ್ಯಾನ ಆಚೆ ಊರು ಕೈಲಾಂಚಕ್ಕೇ ಕೇಳ್ತಾ ಐತೆ ಕಣಣ್ಣ," ಎಂದ ಅವನು, ಗಾಡಿಯಿಂದ ಇಳಿಯದೆ. "ನನ್ ಹಾರ್ನು ಯಾವ ಲೆಕ್ಕ?"

ನಿಖಾತ್ ತನ್ನ ಬಾಗಿಲಲ್ಲಿ ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕಳು. ರಮ್ಯಾ ನಗಲಿಲ್ಲ. ಚೆಂಬು ಹಿಡಿದು ಹೋಗಿ ಹಾಲು ಹಾಕಿಸಿಕೊಂಡು ಬಂದಳು. ಪ್ರಕಾಶ ಮಾರನೆಯ ದಿನದಿಂದ ಹಾರ್ನ್ ಹೊಡೆಯಲಿಲ್ಲ. ರಮ್ಯಾಳೇ ಮೊದಲು ಹೋಗಿ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು.

ಪುಟ್ಟಿಯ ಕಾಲ್ಗೆಜ್ಜೆಯ ಸದ್ದೊಂದು ಉಳಿದಿತ್ತು. ಕಣ್ಣು ಮುಚ್ಚಿಕೊಂಡೇ, "ಆ ಗೆಜ್ಜೆ ಒಂದು..." ಅಂದೆ. ಪೂರ್ತಿ ಹೇಳಬೇಕಾಗಿಯೇ ಬರಲಿಲ್ಲ. ಮಾರನೆಯ ದಿನ ಗೆಜ್ಜೆಯೂ ಸುಮ್ಮನಾಗಿತ್ತು.

ಆಮೇಲೆ ಆ ಬೆಳಗು ಬಂತು. ಮನೆಯೊಳಗೆ ಒಂದು ಸದ್ದಿಲ್ಲ. ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟೇ. ಗೆದ್ದೆ ಅನ್ನಿಸಿತು. ಇದನ್ನು ರಮ್ಯಾಗೆ ಹೇಳಬೇಕು, ಇವತ್ತೇ ಆ ಬ್ಯಾಗು ಬಿಚ್ಚಿಸಬೇಕು ಎಂದು, ಧ್ಯಾನ ಮುಗಿಸಲು ಇಟ್ಟಿದ್ದ ಮೊಬೈಲಿನ ಗಂಟೆ ಹೊಡೆಯುವ ಮೊದಲೇ ಕಣ್ಣು ಬಿಟ್ಟೆ.

ಅಡುಗೆಮನೆಯ ಮೂಲೆಯಲ್ಲಿ ರಮ್ಯಾ ನೆಲದ ಮೇಲೆ ಕುಳಿತಿದ್ದಳು. ಪುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೆರಗನ್ನು ಮಡಿಸಿ ಅವಳ ಬಾಯಿಗೆ ಒತ್ತಿ ಹಿಡಿದಿದ್ದಳು. ಮಗುವಿಗೆ ಕೆಮ್ಮು. ಬೆನ್ನು ಜಗ್ಗಿ ಜಗ್ಗಿ ಬೀಳುತ್ತಿತ್ತು, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಮ್ಮನ ಕೈಯನ್ನು ಕಿತ್ತೆಸೆಯಲು ಅವಳು ಒದ್ದಾಡುತ್ತಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅವಳ ಎರಡು ಪುಟ್ಟ ಕೈಗಳೂ ಅಮ್ಮನ ಕೈಯ ಮೇಲಿದ್ದವು. ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಿದ್ದವು.

ಕಾಲಿನ ಗೆಜ್ಜೆಗಳನ್ನು ತೆಗೆದಿರಲಿಲ್ಲ. ಬೈಕ್ ಒರೆಸಲೆಂದು ನಾನು ಕೆಲಸದ ಜಾಗದಿಂದ ತಂದಿಟ್ಟಿದ್ದ ವೇಸ್ಟ್ ರೇಷ್ಮೆಯನ್ನು ರಮ್ಯಾ ಒಂದೊಂದು ಗೆಜ್ಜೆಗೂ ಬಿಗಿಯಾಗಿ ಸುತ್ತಿದ್ದಳು.

ನಾನು ನೋಡುತ್ತಿರುವುದನ್ನು ಕಂಡು ರಮ್ಯಾ ಕೈ ತೆಗೆದಳು.

"ಆಯ್ತಾ ಬಾವ? ಸದ್ದು ಕೇಳಿಸ್ಲಿಲ್ಲ ತಾನೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಪರೀಕ್ಷೆ ಬರೆದು ಬಂದವರ ಹಾಗೆ ಕೇಳಿದಳು. ಅಂಗಿ ಹಾಕಿಕೊಂಡು, ತಿಂಡಿಯನ್ನೂ ತಿನ್ನದೆ ಕೆಲಸಕ್ಕೆ ಹೊರಟೆ. ಬಿಟ್ಟೆ ಅಂದುಕೊಂಡಿದ್ದ ಆ ತಟ್ಟೆಯನ್ನು ಧ್ಯಾನದ ಹೆಸರಲ್ಲಿ ದಿನಕ್ಕೊಂದು ಸಲ ಎಸೆಯುತ್ತಿದ್ದೆನಲ್ಲ, ಅದೂ ಕಣ್ಣು ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು. ಯಾರಿಗೆ ಮುಖ ತೋರಿಸುವುದು? ಸಿಗ್ನಲ್ಲಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ.

ಕೆಲಸದಲ್ಲಿ ಎಳೆ ಕಡಿಯುತ್ತಲೇ ಇತ್ತು. ಗೂಡು ಚೆನ್ನಾಗಿರಲಿಲ್ಲ. ಕಡಿದಾಗೆಲ್ಲ ಇನ್ನೊಂದು ಗೂಡಿನ ಎಳೆ ಹುಡುಕಿ ಓಡುವ ನೂಲಿನತ್ತ ಎಸೆದೆ, ಅದು ಹೋಗಿ ಕೂಡಿಕೊಂಡಿತು. ರಾಟೆ ಅದರ ಪಾಡಿಗೆ ತಿರುಗುತ್ತಿತ್ತು.

ಪಕ್ಕದ ರಾಟೆಯ ವಾಸಿಂ ಇಣುಕಿದ. "ಏನ್ ಬಾಲಣ್ಣ, ಬೆಳಗ್ಗಿಂದ ಗೂಡಿನ ಅಪ್ಪ ಅಮ್ಮನ್ನ ಒಂದ್ಸಲಾನೂ ಬೈಲಿಲ್ಲ? ಜ್ವರಾನಾ?"

"ಸುಮ್ನೆ ಕೆಲ್ಸ ನೋಡ್ಲಾ," ಅಂದೆ.

ಸಂಜೆ ರಮ್ಯಾಳನ್ನೂ ಮಗುವನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಔಷಧಿ ತಂದೆ. ದಾರಿಯುದ್ದಕ್ಕೂ ರಮ್ಯಾಗೆ ತಪ್ಪಾಯ್ತು ಅನ್ನಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು. ಕೊನೆಗೆ ಅಂದದ್ದು, "ನಾಳೆ ಕುಕ್ಕರ್ ಇಡು, ಪರವಾಗಿಲ್ಲ."

"ಕೂಗ್ತದೆ ಬಾವ."

"ಕೂಗ್ಲಿ ಬುಡು."

ಅವಳು ನಂಬಿದ ಹಾಗೆ ಕಾಣಲಿಲ್ಲ.

ಬೆಳಗ್ಗೆ ಚಾಪೆ ಹಾಸಿ ಪುಟ್ಟಿಯನ್ನು ಹತ್ತಿರ ಕರೆದೆ. ಅಮ್ಮನ ಮುಖ ನೋಡಿ, ಆಮೇಲೆ ಬಂದಳು. ಅವಳ ಕಾಲು ಹಿಡಿದು ಗೆಜ್ಜೆಗೆ ಸುತ್ತಿದ್ದ ರೇಷ್ಮೆಯನ್ನು ಬಿಡಿಸತೊಡಗಿದೆ. ಸಿಕ್ಕುಸಿಕ್ಕಾಗಿತ್ತು.

"ಅಪ್ಪ, ಧ್ಯಾನ ಆಗೋಯ್ತಾ?"

"ಇಲ್ಲ ಮಗ, ಈಗ ಕುಂತ್ಕೊತೀನಿ."

"ಹಂಗಾದ್ರೆ ಬಿಚ್ಬೇಡ," ಎಂದು ಕಾಲು ಎಳೆದುಕೊಂಡಳು.

ಬಲಗಾಲಿನದಷ್ಟೇ ಬಿಚ್ಚಲು ಆಗಿತ್ತು. ಕಣ್ಣು ಮುಚ್ಚಿ ಕುಳಿತೆ. ಫ್ಯಾನು ತಿರುಗುತ್ತಿತ್ತು. ಕುಕ್ಕರ್ ಕೂಗಿತು. ಮೈಯೆಲ್ಲ ಜುಮ್ಮೆಂದು ಹಳೆಯ ಸಿಟ್ಟು ಎದ್ದಿತು. ಬಸ್ಸಿನ ಹಾಗೆ ಅದೂ ಬಂತು, ನಿಂತಿತು, ನಾನು ಹತ್ತಲಿಲ್ಲ. ಆದರೆ ಪುಟ್ಟಿಯ ಸದ್ದೇ ಇಲ್ಲ. ಉಸಿರು ಹಿಡಿದು ಎಲ್ಲಿ ನಿಂತಿದ್ದಾಳೋ! ಅವಳಿಗೆ ಧೈರ್ಯ ಬರಲಿ ಎಂದು ನಾನೇ ಬೇಕೆಂತಲೇ ಕೆಮ್ಮಿದೆ.

ಒಂದು ಕಾಲಿನ ಗೆಜ್ಜೆ ಮಾತ್ರ ಘಲ್ ಘಲ್ ಎನ್ನುತ್ತ ಹತ್ತಿರ ಬಂತು. ಔಷಧಿಯ ವಾಸನೆಯ ಎರಡು ಪುಟ್ಟ ಅಂಗೈಗಳು ನನ್ನ ಬಾಯಿಯನ್ನು ಒತ್ತಿ ಮುಚ್ಚಿದವು.

"ಶ್! ಅಪ್ಪ ಬೈತದೆ," ಎಂದಳು ಪಿಸುಗುಟ್ಟಿ.

ಅಷ್ಟರಲ್ಲಿ ಅವಳಿಗೇ ಕೆಮ್ಮು ಒತ್ತಿಕೊಂಡು ಬಂತು. ತನ್ನ ಬಾಯಿ ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಎರಡೂ ನನ್ನ ಬಾಯಿ ಮೇಲಿದ್ದವು. ನನ್ನ ಮುಖದ ಮೇಲೇ ಕೆಮ್ಮಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಕಣ್ಣು ಬಿಡಲಿಲ್ಲ, ಅಲುಗಾಡಲಿಲ್ಲ. ಅವಳು ಇನ್ನೊಮ್ಮೆ ಕೆಮ್ಮಿದಳು, ಮತ್ತೊಮ್ಮೆ, ಎದೆಯೊಳಗಿದ್ದುದೆಲ್ಲ ಹೊರಗೆ ಬರುವ ತನಕ. ಆಮೇಲೆ ಮೆಲ್ಲಗೆ ನನ್ನ ತೊಡೆಯ ಮೇಲೆ ಕುಳಿತಳು.

ಮುಚ್ಚಿದ ಕಣ್ಣಿನಿಂದ ನೀರು ಇಳಿದು ಅವಳ ಬೆರಳ ಮೇಲೆ ಬಿತ್ತು. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಬ್ಯಾಗು ಮಂಚದ ಕೆಳಗೇ ಇತ್ತು. ಬಿಚ್ಚು ಅನ್ನಲು ನನಗೆ ಯಾವ ಬಾಯಿ?