ಗದ್ದೆಗಿಳಿದ ಗೈಡು

ಆ ವರ್ಷ ಗಂಗಾವತಿ ಕಾಲುವೆ ಸೀಮೆಯ ರೈತರಿಗೆ ಒಂದೇ ಚಿಂತೆ. ಭತ್ತ ಹಾಲು ತುಂಬುವ ಹೊತ್ತಿಗೆ ಕಂದು ಜಿಗಿಹುಳು ಬೀಳುತ್ತಿತ್ತು. ಗದ್ದೆಗಳು ಬೆಂಕಿ ತಗುಲಿದಂತೆ ಒಣಗುತ್ತಿದ್ದವು. ರೈತರು ಎಣ್ಣೆ ಹೊಡೆಯುತ್ತಿದ್ದರು. ಕೀಟನಾಶಕಕ್ಕೆ ಇಲ್ಲಿ ಎಣ್ಣೆ ಎಂದೇ ಹೆಸರು. ಹುಳು ಕಡಿಮೆಯಾಗದಿದ್ದರೆ ಇನ್ನೊಮ್ಮೆ ಹೊಡೆಯುತ್ತಿದ್ದರು.

ಊರ ಹೊರಗಿನ ಒಂದು ಸಂಶೋಧನಾ ಕೇಂದ್ರದಲ್ಲಿ ಶೇಖರಮ್ಮ ಎಂಬ ಹುಡುಗಿ ಇದೇ ಹುಳುವಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಕೇಂದ್ರದ ಗದ್ದೆಯನ್ನು ತಾಕುಗಳಾಗಿ ಹಂಚಿ, ಕೆಲವಕ್ಕೆ ಎಣ್ಣೆ ಹೊಡೆದು ಕೆಲವನ್ನು ಹಾಗೇ ಬಿಟ್ಟು ಹುಳು ಎಣಿಸುತ್ತಿದ್ದಳು. ಯಲಬುರ್ಗಾ ಕಡೆಯ ಜೋಳ ಬೆಳೆಯುವ ಮನೆಯವಳು. ಆ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಅವಳ ಗೈಡು ಡಾಕ್ಟರ್ ಉಮಾಪತಿ. ಒಳ್ಳೆಯ ವಿಜ್ಞಾನಿ, ಕೆಟ್ಟ ಮನುಷ್ಯನಲ್ಲ. ಆದರೆ ಅವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಇಂದು ರಾಯಚೂರಿನಲ್ಲಿ ಸಭೆ, ನಾಳೆ ಕೊಪ್ಪಳದಲ್ಲಿ ರೈತರ ಶಿಬಿರ.

ಒಂದು ದಿನ ಉಮಾಪತಿ ಜೀಪು ಹತ್ತುವಾಗ ಶೇಖರಮ್ಮ ಓಡಿ ಬಂದಳು.

“ಸರ, ಎಣ್ಣಿ ಹೊಡದ ತಾಕಿನಾಗ ಹುಳ ಹೆಚ್ಚಾಗ್ಯಾವ್ರಿ. ಹೊಡೀದ ತಾಕಿನಾಗ ಕಡಿಮಿ ಅದಾವ್ರಿ.”

“ಎಣ್ಣಿ ಹೊಡದ್ರ ಹುಳ ಹೆಚ್ಚಾಗ್ತಾವೇನು? ಎಣಿಸೂದು ತಪ್ಪೇತಿ. ಮತ್ತ ಎಣಿಸು.”

ಜೀಪು ಹೊರಟುಹೋಯಿತು.

ಅವಳು ಮತ್ತೆ ಎಣಿಸಿದಳು. ಮೂರು ವಾರ ಎಣಿಸಿದಳು. ಅದೇ ಅಂಕಿ. ಕೊನೆಗೆ ಅವಳಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು. ಊಟ ಕಡಿಮೆಯಾಯಿತು, ಯಾರ ಜೊತೆಗೂ ಮಾತಿಲ್ಲ.

ಪಕ್ಕದ ಕೋಣೆಯಲ್ಲಿ ಬೆಳೆರೋಗಗಳ ವಿಜ್ಞಾನಿ ಡಾಕ್ಟರ್ ವಿರೂಪಾಕ್ಷಮ್ಮ ಇದ್ದರು. ಮೂವರನ್ನು ಪಿಎಚ್.ಡಿ. ದಡ ಮುಟ್ಟಿಸಿದವರು. ಒಂದು ಮಧ್ಯಾಹ್ನ ಅವರು ಒಳಗೆ ಬಂದಾಗ ಶೇಖರಮ್ಮ ಹೊಸ ಹಾಳೆಯಲ್ಲಿ ಅಂಕಿ ಬರೆಯುತ್ತಿದ್ದಳು. ಎಣ್ಣೆ ಹೊಡೆದ ತಾಕಿಗೆ ಎಣಿಕೆಯ ಹಳೆಯ ಪುಸ್ತಕದಲ್ಲಿ ನಲವತ್ತೆರಡು ಇದ್ದಲ್ಲಿ ಇಲ್ಲಿ ಹನ್ನೆರಡು ಇತ್ತು.

“ಇದೇನವ್ವಾ?”

ಶೇಖರಮ್ಮನಿಗೆ ಅಳು ಬಂತು. “ಸರ್ಗೆ ಏನ್ ಬೇಕೋ ಅದನ್ನ ಬರದುಬಿಡ್ತೀನ್ರಿ ಮೇಡಂ. ಇಲ್ಲಾಂದ್ರ ಎಲ್ಲಾ ಬಿಟ್ಟು ಊರಿಗೆ ಹೋಗ್ತೀನಿ.”

“ಪೆನ್ನು ಕೆಳಗಿಡು. ಮೊದ್ಲು ಉಣ್ಣು. ಹಳೀ ಪುಸ್ತಕ ಜ್ವಾಕಿ ಇಟ್ಕೋ.”

ಆ ಸಂಜೆ ವಿರೂಪಾಕ್ಷಮ್ಮ ಉಮಾಪತಿಯವರ ಎದುರು ಕುಳಿತು ನಡೆದದ್ದನ್ನೆಲ್ಲ ಹೇಳಿದರು. ಉಮಾಪತಿಯವರ ಮುಖ ಕೆಂಪಾಯಿತು.

“ನನ್ನ ಕಂಡ್ರ ಆಕಿಗೆ ಅಷ್ಟು ಅಂಜಿಕಿ ಯಾಕ್ರಿ? ನಾನೇನು ಬೈದಿಲ್ಲಲ್ಲ.”

“ಬೈದಿಲ್ಲ, ಖರೆ. ಕೂಡ್ರಿಸಿ ಕೇಳೂ ಇಲ್ಲಲ್ರಿ.”

“ನಮ್ಮ ಗೈಡು ವರ್ಷಕ್ಕ ಎರಡ ಸಲ ಕರೀತಿದ್ರು. ನಾ ಮುಗಿಸಲಿಲ್ಲೇನ್ರಿ?”

“ನೀವು ಮುಗಿಸಿದ್ರಿ. ನಿಮ್ಮ ಜೋಡಿ ಸೇರಿದ ಇಬ್ಬರು ಎಲ್ಲಿ ಅದಾರ?”

ಉಮಾಪತಿಯವರಿಗೆ ಆ ಇಬ್ಬರೂ ನೆನಪಾದರು. ಒಬ್ಬ ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಇನ್ನೊಬ್ಬನ ಸುದ್ದಿಯೇ ಇರಲಿಲ್ಲ.

“ನಾನೂ ಮೊದ್ಲು ನಿಮ್ಮಂಗ ಇದ್ದೆ,” ಎಂದರು ವಿರೂಪಾಕ್ಷಮ್ಮ. “ಈಗ ವಾರಕ್ಕ ಒಂದ್ ತಾಸು ನನ್ನ ವಿದ್ಯಾರ್ಥಿಗಳಿಗಂತ ಇಟ್ಟೀನಿ. ಅದರಾಗ ಬ್ಯಾರೆ ಕೆಲಸ ಇಲ್ಲ. ಮೊದ್ಲು ಅವರು ಮಾತಾಡಬೇಕು, ಆಮ್ಯಾಲೆ ನಾನು. ನಾ ಅಂದಿದ್ದಕ್ಕ ಉಲ್ಟಾ ಫಲಿತಾಂಶ ತಂದ್ರೂ ಕೂಡ್ರಿಸಿ ಚಹಾ ಕೊಡ್ತೀನಿ. ನೀವು ನಾಳೆ ಮುಂಜಾನೆ ಆಕಿ ಜೋಡಿ ಗದ್ದಿಗೆ ಇಳೀರಿ. ಎಣಿಕಿ ತಪ್ಪಿದ್ರ ಅಲ್ಲೇ ತಿಳೀತೈತಿ.”

“ನೋಡೂಣ್ರಿ,” ಎಂದರು ಉಮಾಪತಿ. ಅವರಿಗೆ ಇನ್ನೂ ನಂಬಿಕೆ ಇರಲಿಲ್ಲ.

ಮರುದಿನ ಅವರು ಪ್ಯಾಂಟು ಮಡಚಿ ಕೆಸರಿಗೆ ಇಳಿದಾಗ ಗದ್ದೆ ಕೆಲಸದ ರಾಜಾಸಾಬ ಕುಡುಗೋಲು ಹಿಡಿದು ಬೆರಗಾಗಿ ನಿಂತೇ ಬಿಟ್ಟ. ಎಣ್ಣೆ ಹೊಡೆದ ತಾಕಿನಲ್ಲಿ ಭತ್ತದ ಒಂದು ಬುಡ ಆರಿಸಿ ಉಮಾಪತಿ ಅದರ ಹುಳು ಎಣಿಸಿದರು. ಮೂವತ್ತೆಂಟು. ಅದೇ ಬುಡವನ್ನು ಶೇಖರಮ್ಮ ಎಣಿಸಿದಳು. ಮೂವತ್ತೇಳು. ಒಂದು ಅಷ್ಟರಲ್ಲೇ ಜಿಗಿದುಹೋಗಿತ್ತು. ಎಣ್ಣೆ ಹೊಡೆಯದ ತಾಕಿನಲ್ಲಿ ಹನ್ನೊಂದು, ಒಂಬತ್ತು, ಮತ್ತೆ ಹನ್ನೊಂದು.

ಉಮಾಪತಿ ಮತ್ತೊಂದು ಬುಡಕ್ಕೆ ಬಗ್ಗಿದರು. ಆಗ ಶೇಖರಮ್ಮ ಧೈರ್ಯ ಮಾಡಿದಳು.

“ಸರ, ಇನ್ನೊಂದು ಹೇಳ್ಲೇನ್ರಿ? ಎಣ್ಣಿ ಹೊಡದಲ್ಲಿ ಜೇಡ ಒಂದೂ ಇಲ್ರಿ. ಇಲ್ಲಿ ನೋಡ್ರಿ, ಬುಡಕ್ಕ ಎರಡು ಮೂರು ಅದಾವು. ಹುಳ ತಿನ್ನೋ ಜೇಡನ್ನ ನಾವ ಕೊಂದೀವಿ ಅನಸ್ತೈತ್ರಿ.”

“ಇದನ್ನ ಮೊದ್ಲ ಯಾಕ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ರಿ,” ಎಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಉಮಾಪತಿ ಸಿಟ್ಟಾಗಲಿಲ್ಲ. “ತಪ್ಪಿದ್ದು ನಿನ್ನ ಎಣಿಕಿ ಅಲ್ಲವ್ವಾ, ನಾನು,” ಎಂದು ಬದುವಿನ ಮೇಲೆ ಕುಳಿತು ಅವಳ ಪುಸ್ತಕವನ್ನು ಮೊದಲ ಹಾಳೆಯಿಂದ ಓದತೊಡಗಿದರು.

ಅಲ್ಲಿಂದ ಪ್ರತಿ ಗುರುವಾರ ಹತ್ತು ಗಂಟೆಗೆ ಇಬ್ಬರೂ ಕೂರುತ್ತಿದ್ದರು. ಮುಂದಿನ ವಾರ ಏನು ಮಾಡುವುದೆಂದು ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕುತ್ತಿದ್ದರು. ಆದ್ದರಿಂದ ‘ನಾ ಹಂಗ ಹೇಳಿದ್ದಿಲ್ಲ’ ಎಂಬ ಮಾತಿಗೆ ಜಾಗವೇ ಇರಲಿಲ್ಲ. ಶೇಖರಮ್ಮನ ಅಕ್ಕನ ಮದುವೆ ಬಂದಾಗ ಉಮಾಪತಿಯವರೇ, “ಎಂಟ್ ದಿನ ಹೋಗಿ ಬಾ, ತಾಕು ನಾನೂ ರಾಜಾಸಾಬನೂ ನೋಡ್ಕೋತೀವಿ,” ಎಂದರು. ಕೆಲವೊಮ್ಮೆ ವಾದವೂ ಆಗುತ್ತಿತ್ತು. ಈಗ ಅವಳು ಅಂಜುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅವಳ ಪ್ರಬಂಧ ಒಪ್ಪಿಗೆಯಾಯಿತು. ಗದ್ದೆಯ ಬದುವಿನಲ್ಲಿ ರೈತರನ್ನು ಸೇರಿಸಿದ ದಿನ ಅವಳ ತಂದೆ ಹೊನ್ನೂರಪ್ಪ ಹೊಸ ರುಮಾಲು ಸುತ್ತಿ ಬಂದಿದ್ದರು. ಉಮಾಪತಿ ಎಲ್ಲರ ಮುಂದೆ ಹೇಳಿದರು: “ಕಂಡಕಂಡಂಗ ಎಣ್ಣಿ ಹೊಡೀಬ್ಯಾಡ್ರಿ. ಜೇಡ ಸಾಯ್ತಾವು, ಹುಳ ಹೆಚ್ಚಾಗ್ತಾವು. ಇದನ್ನ ಈ ಗದ್ಯಾಗ ಕಂಡು ಹಿಡದಾಕಿ ಶೇಖರಮ್ಮ. ನಾ ಮೊದ್ಲು ನಂಬಲಿಲ್ಲ.” ಹೊನ್ನೂರಪ್ಪ ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು.

ಗೈಡ್ ಆಗಿರುವ ಹಿರಿಯರೇ, ನಿಮಗೆ ನೂರು ಕೆಲಸ ಇರಬಹುದು. ಆದರೂ ವಾರಕ್ಕೊಂದು ತಾಸು ಗೊತ್ತುಮಾಡಿ, ಅದನ್ನು ತಪ್ಪಿಸಬೇಡಿ. ಅಂಕಿಯನ್ನು ಬಾಗಿಲಲ್ಲಿ ನಿಂತು ತಳ್ಳಿಹಾಕಬೇಡಿ, ಅವರ ಜೊತೆ ಹೋಗಿ ನೋಡಿ. ಊಟ, ನಿದ್ದೆ, ಮನೆಯ ಸುದ್ದಿಯನ್ನೂ ವಿಚಾರಿಸಿ. ನಿಮ್ಮ ವಿದ್ಯಾರ್ಥಿ ನಿಮಗೆ ತೋರಿಸಲು ಅಂಜಿ ಮುಚ್ಚಿಟ್ಟುಕೊಂಡ ಹಾಳೆ ಯಾವುದಾದರೂ ಇದೆಯೇ? ನಿಮಗೆ ಗೊತ್ತಿಲ್ಲವಾದರೆ, ಇವತ್ತೇ ಹೋಗಿ ಕೇಳಿ.