ಪುರಂದರ ತನಗೇ ಬರೆದ ಪತ್ರ

ಗಂಡ ತನಗೆ ತಾನೇ ರಿಜಿಸ್ಟರ್ ಪೋಸ್ಟ್ ಕಳಿಸಿಕೊಂಡರೆ ಯಾವ ಹೆಂಡತಿಯ ಎದೆ ಧಸಕ್ಕೆನ್ನುವುದಿಲ್ಲ? ಸಹಿ ಹಾಕಿಸಿಕೊಳ್ಳುವಾಗ ಪೋಸ್ಟ್‌ಮ್ಯಾನ್ ಪಂಪಣ್ಣ ನಗು ತಡೆದುಕೊಂಡಿದ್ದ.

"ಕಳಿಸಿದವ್ರೂ ಸಾಹೇಬ್ರ, ತಗೊಳ್ಳೋರೂ ಸಾಹೇಬ್ರ. ಏನಾಗೇತ್ರಿ ಅಕ್ಕಾರ?"

ಮಾಧವಿ ಗಂಡನ ಪರವಾಗಿ ಸಹಿ ಹಾಕಿ ಲಕೋಟೆ ಒಳಗೊಯ್ದಳು.

ಪುರಂದರ ಹೊಸಪೇಟೆಯ ಒಂದು ಅದಿರು ಪರೀಕ್ಷಾ ಲ್ಯಾಬಿನಲ್ಲಿ ಕೆಮಿಸ್ಟ್. ಸಂಡೂರಿನ ಕಡೆಯಿಂದ ಲಾರಿಗಟ್ಟಲೆ ಬರುವ ಕೆಂಪು ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಅವನ ಹೊಟ್ಟೆಪಾಡು. ಶೇಕಡಾ ಅರವತ್ತಿದ್ದದ್ದನ್ನು ಅರವತ್ಮೂರು ಎಂದು ಬರೆದುಕೊಡಿ ಎಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದ. ಹೀಗಾಗಿ ಅದಿರಿನ ದುಡ್ಡಿನಲ್ಲಿ ಊರಿಗೆ ಊರೇ ಕಾರು ಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ಅವನಿಗೆ ಗೆಳೆಯರೇ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ. ಕೇಳಿದರೆ, "ನಿನಗ ತಿಳಿಯೂದಿಲ್ಲ ಬಿಡು" ಎನ್ನುತ್ತಿದ್ದ. ಆ ಮಾತಿಗೆ ಮಾಧವಿಯ ಮೈಯೆಲ್ಲ ಉರಿಯುತ್ತಿತ್ತು.

ಮಾತಿಗೆ ಜನವಿಲ್ಲದೆ ತನಗೆ ತಾನೇ ಬರೆದುಕೊಳ್ಳುವಂತಾದನೇ ಎಂದು ಅವಳ ಕರುಳು ಚುರುಕ್ಕೆಂದಿತು. ಲಕೋಟೆ ಒಡೆದಳು. ಒಳಗೆ ಬರೀ ಅಂಕಿಗಳು. ತಾನೊಂದು ಚೀಟಿ ಬರೆದು ಜೊತೆಗಿಟ್ಟು, ಅನ್ನದ ಅಗುಳು ಹಚ್ಚಿ ಮುಚ್ಚಿದಳು. ಸಂಜೆ ಬಂದು ಒಡೆದು ಓದುತ್ತಾನೆ ಎಂದುಕೊಂಡಿದ್ದಳು. ಮಹಾಶಯ ಒಡೆಯಲೇ ಇಲ್ಲ, ಕಪಾಟಿನಲ್ಲಿಟ್ಟುಬಿಟ್ಟ.

ಒಂದೂವರೆ ವರ್ಷದ ಮೇಲೆ, ಎರಡು ಸಾವಿರದ ಆರರ ಅಕ್ಟೋಬರಿನ ಒಂದು ಬೆಳಿಗ್ಗೆ, ಪೇಪರ್ ಹಿಡಿದು ಅಡುಗೆಮನೆಗೇ ಓಡಿಬಂದ. ರಷ್ಯಾದ ಲ್ಯಾಬಿನಲ್ಲಿ ನೂರ ಹದಿನೆಂಟನೆಯ ಮೂಲಧಾತು ಸಿಕ್ಕಿತ್ತು.

"ಭಾಳ ಭಾರದ ಪರಮಾಣು, ಮಾಧವಿ. ಕಣ್ಣು ಪಿಳುಕಿಸೂದ್ರಾಗ ಮುಗೀತದ. ಚೂರು ಚೂರು ಉದುರಿಸಿಕೋತ ಹೋಗ್ತದೋ, ಎರಡಾಗಿ ಒಡೀತದೋ ಅಂತ ನಾ ಮೊದಲ ಲೆಕ್ಕ ಹಾಕಿದ್ದೆ. ಮೂರು ಸಲ ಉದುರಿಸಿ ಆಮ್ಯಾಲೆ ಒಡೀತದ ಅಂತ ಬರದಿದ್ದೆ. ಹಂಗ ಆಗ್ಯದ. ಹೊತ್ತು ಮಾತ್ರ ಸ್ವಲ್ಪ ಜಾಸ್ತಿ ಹೇಳಿದ್ದೆ."

"ಛಲೋ ಆತಲ್ರೀ."

"ಸುದ್ದಿ ಓದಿ ಬರದದ್ದಲ್ಲ ಅಂತ ಮಂದಿ ನಂಬಬೇಕಲ್ಲ? ಅದಕ್ಕ ನನಗ ನಾನ ರಿಜಿಸ್ಟರ್ ಮಾಡಿದ್ದೆ. ಅಂಚೆ ಮುದ್ರಿಯೊಳಗ ತಾರೀಖು ಅದ, ಕವರ್ ಒಡದಿಲ್ಲ. ಸಂಜಿಗೆ ಭಾರ್ಗವ್ ಬರ್ತಾನ, ಅವನ ಮುಂದ ಒಡೀತೀನಿ."

ಭಾರ್ಗವ್ ಬಳ್ಳಾರಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ, ಇವನ ಜೊತೆ ಓದಿದವನು, ಇವನ ಲೆಕ್ಕಗಳನ್ನು ಹುಚ್ಚಾಟ ಎಂದು ನಕ್ಕವನು.

ಮಾಧವಿಯ ಲಟ್ಟಣಿಗೆ ನಿಂತಿತು. ಗಂಡ ಸ್ನಾನಕ್ಕೆ ಹೋದಾಗ ಚೀಟಿ ತೆಗೆದು ಮತ್ತೆ ಅಗುಳು ಹಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಗಂಡ ಗೆಲ್ಲುತ್ತಾನೆ. ಆದರೆ ಕಬ್ಬಿಣದ ಲೆಕ್ಕದಲ್ಲಿ ಒಂದಂಕಿ ಸುಳ್ಳು ಬರೆಯದ ಮನುಷ್ಯನ ಕೈಯಲ್ಲಿ ಸುಳ್ಳು ಸಾಕ್ಷಿ ಕೊಡುವುದು ಹೇಗೆ?

"ಏನ್ರೀ, ಅದನ್ನ ನಾ ಒಡದೀನಿ."

ಪುರಂದರ ಪೇಪರ್ ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಹೋಗಿ ಕಪಾಟಿನಿಂದ ಲಕೋಟೆ ತಂದು, ಅವಳೆದುರೇ ಹರಿದ. ಚೀಟಿ ಕೈಗೆ ಬಂತು. 'ನಿಮಗ ನೀವ ಯಾಕ ಬರ್ಕೋತೀರಿ? ನನಗ ಬರೀರಿ. ನಾ ಇಲ್ಲೇನು?' ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

ಸಂಜೆ ಭಾರ್ಗವ್ ಬಂದು ಕೂತ ಕೂಡಲೇ ಪುರಂದರ ತಾನೇ ಹೇಳಿದ: "ಕವರ್ ಮೊದಲ ಒಡದದ. ಸಾಕ್ಷಿ ಇಲ್ಲ."

ಭಾರ್ಗವ್ ಹಾಳೆ ತಿರುವಿದ. "ಹಂಗಾದ್ರ ಇದು ಬರೇ ಕಾಗದ ಆತಲ್ಲೋ."

"ಹೌದು," ಎಂದ ಪುರಂದರ. ಯಾರು ಒಡೆದರೆಂದು ಹೇಳಲಿಲ್ಲ. ಕಾಫಿ ಕೊಡುವಾಗ ಮಾಧವಿಗೆ ಅತ್ತುಬಿಡಬೇಕೆನಿಸಿತು.

ಮುಂದಿನ ವಾರ ಪಂಪಣ್ಣ ಮತ್ತೆ ಬಂದ. "ಈ ಸಲ ನಿಮ್ಮ ಹೆಸರಿಗೆ ಐತ್ರಿ."

ಗಂಡನದೇ ಅಕ್ಷರ. ಲಕೋಟೆಯ ಹಿಂದೆ ಬರೆದಿದ್ದ: 'ನೂರ ಇಪ್ಪತ್ತನೇ ಮೂಲಧಾತು. ಇದು ಇನ್ನೂ ಯಾರಿಗೂ ಸಿಕ್ಕಿಲ್ಲ. ಒಡೀಬ್ಯಾಡ. ಒಳಗ ಏನದ ಅಂತ ಮನಿಗೆ ಬಂದು ಎಲ್ಲಾ ಹೇಳ್ತೀನಿ.'

ಮಾಧವಿ ನಾಲ್ಕು ಗಂಟೆಗೇ ಅಡುಗೆ ಮುಗಿಸಿ ಕೂತಳು.